‘ಗೋ’ ಕ್ರಿಯಾಪದ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ಉದ್ದುದ್ದ ಶಬ್ದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅವುಗಳನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ತಂಟೆ ಮಾಡುವುದು ‘ಗೋ’ದಂಥ ಚಿಕ್ಕ ಶಬ್ದಗಳು. ಮಕ್ಕಳು, ಹೆತ್ತವರು, ಪಿಎಸ್‌ಸಿ ಪರೀಕ್ಷೆಗೆ ಓದುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲಿನಿಂದಲೇ ಓದಬೇಕೆಂದಿಲ್ಲ.

‘ಗೋ’ ಅಂದರೆ ‘ಹೋಗು’. ಇದರಲ್ಲಿ ಕೇಳಲಿಕ್ಕೆ ಏನುಂಟು?

ಬಸ್ಸಿನಲ್ಲಿ ಹೋಗುವಷ್ಟಕ್ಕೆ ಏನೂ ಇಲ್ಲ. ‘ದಿಸ್ ರೋಡ್ ಗೋಸ್ ಟು ಪೆರ್ಲ’ ಎಂಬುದಕ್ಕೂ ತೊಂದರೆಯಿಲ್ಲ. ರಸ್ತೆ ಬಿದ್ದಲ್ಲೇ ಬಿದ್ದಿದ್ದರೂ ನಾವು ಕೂಡ ‘ಈ ರಸ್ತೆ ಪೆರ್ಲಕ್ಕೆ ಹೋಗ್ತದೆ’ ಎನ್ನುತ್ತೇವೆ. ಆದರೆ ‘ಹೌ ಡಿಡ್ ದ ಎಕ್ಸಾಮ್ ಗೋ?’ ಎಂದು ಕೇಳಿದರೆ ‘ಪರೀಕ್ಷೆ ಹೇಗೆ ಹೋಯಿತು’ ಎನ್ನುವುದಕ್ಕಿಂತ ‘ಹೇಗಾಯಿತು’ ಎನ್ನುವುದೇ ನಮ್ಮ ಮಾತು. ‘ದ ಕ್ಲಾಕ್ ಈಸ್ ನಾಟ್ ಗೋಯಿಂಗ್’ ಅಂದರೆ ಗಡಿಯಾರ ನಡೆಯುತ್ತಿಲ್ಲ. ‘ವೇರ್ ಡು ದೀಸ್ ಪ್ಲೇಟ್ಸ್ ಗೋ?’ ಎಂದು ಅಡುಗೆಮನೆಯಲ್ಲಿ ಯಾರಾದರೂ ಕೇಳಿದರೆ, ಈ ತಟ್ಟೆಗಳನ್ನು ಎಲ್ಲಿಡುವುದು ಎಂದರ್ಥ. ‘ದಿಸ್ ಬ್ಲೌಸ್ ಡಸ್ ನಾಟ್ ಗೋ ವಿದ್ ದಟ್ ಸೀರೆ’ ಅಂದರೆ ಅದಕ್ಕೆ ಇದು ಹೊಂದುವುದಿಲ್ಲ.

ಹಾಗಾಗಿ ‘ಗೋ’ಗೆ ಎದುರಾಗಿ ‘ಹೋಗು’ ಒಂದನ್ನೇ ಬರೆದುಕೊಂಡರೆ ಸಾಲದು. ಹೋಗು, ನಡೆ, ಆಗು, ಹೊಂದು ಎಂದು ನಾಲ್ಕನ್ನು ಬರೆದುಕೊಳ್ಳಿ. ಮುಕ್ಕಾಲು ಪಾಲು ಕೆಲಸ ಆಗುತ್ತದೆ.

‘ಗೋ’ದ ಭೂತಕಾಲ ‘ವೆಂಟ್’ ಹೇಗಾಯಿತು? ಎರಡಕ್ಕೂ ಒಂದಕ್ಷರದ ಸಂಬಂಧವೂ ಇಲ್ಲವಲ್ಲ?

ಇಲ್ಲ, ಯಾಕೆಂದರೆ ‘ವೆಂಟ್’ ಮೂಲದಲ್ಲಿ ‘ಗೋ’ದ ರೂಪವೇ ಅಲ್ಲ. ಅದು ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಭೂತಕಾಲ. ಸೆಂಡ್–ಸೆಂಟ್, ಬೆಂಡ್–ಬೆಂಟ್, ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್ ಇದ್ದ ಹಾಗೆಯೇ ವೆಂಡ್–ವೆಂಟ್. ಆ ಸಾಲಿನಲ್ಲಿ ಇಟ್ಟು ನೋಡಿದರೆ ಎಷ್ಟು ಸರಿಯಾಗಿ ಕೂರುತ್ತದೆ, ಅಲ್ವಾ? ‘ವೆಂಡ್’ ಅಂದರೆ ಮೊದಲು ‘ತಿರುಗು’ ಎಂದಿತ್ತು. ಆಮೇಲೆ ‘ದಾರಿ ಹಿಡಿ, ಸಾಗು’ ಎಂದಾಯಿತು.

ಹಾಗಾದರೆ ‘ಗೋ’ಗೆ ಸ್ವಂತ ಭೂತಕಾಲ ಇರಲಿಲ್ಲವೇ? ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪ ‘ಗಾನ್’. ಆ ಕಾಲದಲ್ಲೂ ಭೂತಕಾಲವನ್ನು ಅದು ಇನ್ನೊಂದು ಕಡೆಯಿಂದಲೇ ತಂದುಕೊಂಡಿತ್ತು. ಅದು ಹೆಚ್ಚುಕಡಿಮೆ ‘ಏಒದೆ’ ಎಂದು ಉಚ್ಚರಿಸುವ ಒಂದು ರೂಪ. ಕಾಲ ಕಳೆದ ಹಾಗೆ ಆ ರೂಪ ಸವೆಯಿತು. ದಕ್ಷಿಣ ಇಂಗ್ಲೆಂಡಿನ ಜನ ಅದರ ಜಾಗದಲ್ಲಿ ‘ವೆಂಟ್’ ಹೇಳತೊಡಗಿದರು. ಸುಮಾರು 1500ರ ಹೊತ್ತಿಗೆ ‘ವೆಂಟ್’ ಗೆದ್ದಿತ್ತು. ಉತ್ತರದ ಸ್ಕಾಟ್‌ಲೆಂಡಿನವರು ಮಾತ್ರ ‘ಗೋ’ಗೇ ಪ್ರತ್ಯಯ ಹಚ್ಚಿ ‘ಗೇಡ್’ ಎಂದು ಮಾಡಿಕೊಂಡರು. ಆದ್ದರಿಂದ ನಿಮ್ಮ ಮಗು ‘ಗೋಡ್’ ಎಂದರೆ ನಗಬೇಡಿ. ಇಂಗ್ಲಿಷ್ ಮನೆಗಳ ಪುಟ್ಟ ಮಕ್ಕಳೂ ಮೊದಮೊದಲು ಹಾಗೆಯೇ ಹೇಳುತ್ತಾರೆ.

ಇದು ಇಂಗ್ಲಿಷಿನ ಹುಚ್ಚಾಟ ಎಂದು ತೋರುವವರಿಗೆ ಒಂದು ಮಾತು. ಮಂಜೇಶ್ವರದ ಯಾವುದಾದರೂ ಕೊಂಕಣಿ ಮನೆಯಲ್ಲಿ ಕಿವಿಗೊಟ್ಟು ಕೇಳಿ. ಹೋಗುತ್ತೇನೆ ಎನ್ನಲು ‘ವತ್ತಾ’, ಹೋದ ಎನ್ನಲು ‘ಗೆಲೊ’. ಎಲ್ಲಿಯ ವತ್ತಾ, ಎಲ್ಲಿಯ ಗೆಲೊ! ಮರಾಠಿಯಲ್ಲಿ ಜಾಣೆ–ಗೇಲಾ. ಶಾಲೆಯ ಹಿಂದಿ ಪಾಠದಲ್ಲಿ ಜಾನಾ–ಗಯಾ. ಇವುಗಳನ್ನು ನಮ್ಮ ಮಕ್ಕಳು ತಕರಾರಿಲ್ಲದೆ ಕಲಿಯುತ್ತಾರೆ. ಗೆಲೊ, ಗೇಲಾ, ಗಯಾ ಮೂರೂ ಸಂಸ್ಕೃತದ ‘ಗತ’ದಿಂದ ಬಂದವು, ವರ್ತಮಾನದ ರೂಪಗಳು ಬೇರೆ ಧಾತುಗಳಿಂದ ಬಂದವು. ಗೋ–ವೆಂಟ್ ಕೂಡ ಅದೇ ಜಾತಿ. ತುಂಬಾ ಬಳಕೆಯಾಗುವ ಕ್ರಿಯಾಪದಗಳಲ್ಲಿ ಇಂಥದ್ದು ಜಾಸ್ತಿ ಉಳಿಯುತ್ತದೆ, ಯಾಕೆಂದರೆ ದಿನಾ ಕೇಳುವ ಮಾತನ್ನು ಯಾರೂ ಮರೆಯುವುದಿಲ್ಲ.

ಈ ವಿಷಯದಲ್ಲಿ ನೇರ ನಡೆಯವು ನಮ್ಮ ದ್ರಾವಿಡ ಭಾಷೆಗಳು. ಕನ್ನಡದಲ್ಲಿ ಹೋಗು–ಹೋದೆ, ತುಳುವಿನಲ್ಲಿ ಪೋಪೆ–ಪೋಯೆ, ಮಲಯಾಳದಲ್ಲಿ ಪೋಗುನ್ನು–ಪೋಯಿ.

‘ವೆಂಡ್’ ಈಗಲೂ ಇದೆಯೇ?

ಇದೆ, ಆದರೆ ಮೂಲೆಯಲ್ಲಿ. ‘ವೆಂಡ್ ಒನ್ಸ್ ವೇ’ ಎಂದು ಕತೆ, ಕವನಗಳಲ್ಲಿ ಸಿಗುತ್ತದೆ. ತನ್ನ ಭೂತಕಾಲವನ್ನು ‘ಗೋ’ಗೆ ಬಿಟ್ಟುಕೊಟ್ಟ ಮೇಲೆ ಅದು ‘ವೆಂಡೆಡ್’ ಎಂಬ ಹೊಸದೊಂದನ್ನು ಮಾಡಿಕೊಂಡಿತು.

‘ಹೋಗು’ವಿನ ‘ಗು’, ಸಂಸ್ಕೃತದ ‘ಗಮನ’, ಇಂಗ್ಲಿಷಿನ ‘ಗೋ’: ಮೂರೂ ಒಂದೇ ಮೂಲವೇ?

ಕೇಳಲಿಕ್ಕೆ ಚೆಂದ ಉಂಟು. ಆದರೆ ಮೂರೂ ಬೇರೆ ಬೇರೆ.

ಮೊದಲು ‘ಹೋಗು’. ಹಳೆಗನ್ನಡದಲ್ಲಿ ಅದು ‘ಪೋಗು’. ಪಂಪನ ಕಾಲದ ಕನ್ನಡ ಪಕಾರದ್ದು. ಸುಮಾರು 10ನೇ ಶತಮಾನದಿಂದ ಶಬ್ದದ ಮೊದಲಿನ ಪಕಾರ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪೋಗು ಹೋಗು ಆಯಿತು. ಅಕ್ಕಪಕ್ಕದವರು ಬದಲಿಸಲಿಲ್ಲ. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ತುಳುವಿನ ‘ಪೋ’, ಮಲಯಾಳದ ‘ಪೋ’ ಎರಡೂ ಕಿವಿಗೆ ಬೀಳುತ್ತವೆ. ‘ಹೋಗು’ವಿನ ನೆಂಟರು ಅವರು.

ಇನ್ನು ಸಂಸ್ಕೃತ. ಇಲ್ಲೊಂದು ತಮಾಷೆ ಉಂಟು. ‘ಗಮ್’ ಧಾತುವಿಗೆ ಇಂಗ್ಲಿಷಿನಲ್ಲಿ ನೆಂಟ ಇದ್ದಾನೆ, ಆದರೆ ಅವನು ‘ಗೋ’ ಅಲ್ಲ, ‘ಕಮ್’. ಒಂದೇ ಮೂಲದ ಶಬ್ದ ಇಲ್ಲಿ ಹೋಗುವುದಕ್ಕೆ, ಅಲ್ಲಿ ಬರುವುದಕ್ಕೆ ಸಂದಿತು. ಸಂಸ್ಕೃತದಲ್ಲಿ ‘ಗ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಕ’ ಬರುವುದು ಒಂದು ಕ್ರಮ. ಸಂಸ್ಕೃತದ ‘ಗೋ’, ಅಂದರೆ ಹಸು, ಇಂಗ್ಲಿಷಿನಲ್ಲಿ ‘ಕೌ’ ಆದದ್ದೂ ಹೀಗೆಯೇ. ಈ ಬಗೆಯ ಧ್ವನಿ ಬದಲಾವಣೆಗಳನ್ನು 1822ರಲ್ಲಿ ನಿಯಮದ ರೂಪದಲ್ಲಿ ಬರೆದವರು ಜರ್ಮನಿಯ ಯಾಕೋಬ್ ಗ್ರಿಮ್. ಮಕ್ಕಳ ಕತೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ದೊಡ್ಡವರು.

ಹಾಗಿದ್ದರೆ ಇಂಗ್ಲಿಷಿನ ‘ಗ’ಕ್ಕೆ ಸಂಸ್ಕೃತದಲ್ಲಿ ಏನು ಹುಡುಕಬೇಕು? ಹಲವು ಕಡೆ ‘ಹ’. ಸಂಸ್ಕೃತದ ‘ಹಂಸ’ದ ನೆಂಟ ಇಂಗ್ಲಿಷಿನ ‘ಗೂಸ್’. ಅದೇ ದಾರಿಯಲ್ಲಿ, ಬಿಡು ಅಥವಾ ಬಿಟ್ಟುಹೋಗು ಎಂಬ ಅರ್ಥದ ‘ಹಾ’ ಧಾತುವನ್ನು ಭಾಷಾಪಂಡಿತರು ‘ಗೋ’ದ ಸಂಬಂಧಿ ಎನ್ನುತ್ತಾರೆ. ನಾವು ದಿನಾ ಹೇಳುವ ‘ಹಾನಿ’ ಹುಟ್ಟಿದ್ದು ಆ ಧಾತುವಿನಿಂದ. ಅದನ್ನು ನೋಡಿ ‘ಹೋಗು’ವಿನಲ್ಲೂ ಹಕಾರ ಉಂಟಲ್ಲ ಎನ್ನಬೇಡಿ. ನಮ್ಮದು ಪಕಾರದಿಂದ ಬಂದ ಹಕಾರ.

ಜರ್ಮನ್ನಿನ ‘ಗೇಎನ್’, ಡಚ್ಚಿನ ‘ಗಾನ್’ ಇವು ‘ಗೋ’ದ ಖಾಸಾ ಒಡಹುಟ್ಟಿದವು.

‘ಐ ಡಿಡ್ ನಾಟ್ ವೆಂಟ್’ ಎಂದರೆ ಏನು ತಪ್ಪು?

ಭೂತಕಾಲವನ್ನು ‘ಡಿಡ್’ ಆಗಲೇ ಹೊತ್ತಿದೆ. ಇನ್ನೊಮ್ಮೆ ಹೊರಿಸಬಾರದು. ‘ಐ ಡಿಡ್ ನಾಟ್ ಗೋ’. ಕನ್ನಡದಲ್ಲೂ ‘ಹೋಗಲಿಲ್ಲ’ ಎನ್ನುತ್ತೇವೆ, ‘ಹೋದಲಿಲ್ಲ’ ಎನ್ನುವುದಿಲ್ಲ. ಪ್ರಶ್ನೆಯಲ್ಲೂ ಅಷ್ಟೇ: ‘ಡಿಡ್ ಯು ಗೋ?’

‘ಹ್ಯಾಸ್ ಗಾನ್’ ಮತ್ತು ‘ಹ್ಯಾಸ್ ಬೀನ್’: ಹೋಗಿದ್ದಾನೆ ಎನ್ನಲು ಯಾವುದು?

ಎರಡೂ ಬೇಕು. ‘ಹಿ ಹ್ಯಾಸ್ ಗಾನ್ ಟು ಮ್ಯಾಂಗಳೂರ್’ ಅಂದರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ‘ಹಿ ಹ್ಯಾಸ್ ಬೀನ್ ಟು ಮ್ಯಾಂಗಳೂರ್’ ಅಂದರೆ ಹೋಗಿ ಬಂದಿದ್ದಾನೆ, ಆ ಊರು ನೋಡಿದ್ದಾನೆ. ತಲಪಾಡಿ ದಾಟಿ ಆಸ್ಪತ್ರೆಗೋ ಕಾಲೇಜಿಗೋ ದಿನಾ ಓಡಾಡುವ ನಮ್ಮವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿರಬೇಕು.

ಎದುರಿಗೆ ನಿಂತು ಮಾತಾಡುವವನು ‘ಐ ಹ್ಯಾವ್ ಗಾನ್ ಟು ಬೆಂಗಳೂರು’ ಎಂದರೆ ಅಭಾಸ. ಅವನು ಇಲ್ಲೇ ಇದ್ದಾನಲ್ಲ! ಸಂದರ್ಶನದಲ್ಲಿ ‘ದೆಹಲಿಗೆ ಹೋಗಿದ್ದೀರಾ’ ಎಂದು ಕೇಳಿದರೆ ‘ಯೆಸ್, ಐ ಹ್ಯಾವ್ ಬೀನ್’ ಎನ್ನಿ.

ಮನೆಯಿಂದ ಹೊರಡುವಾಗ ‘ಐ ವಿಲ್ ಗೋ ಅಂಡ್ ಕಮ್’ ಎನ್ನಬಹುದೇ?

ಇದನ್ನು ಅಮ್ಮಂದಿರೇ ಹೆಚ್ಚು ಕೇಳುತ್ತಾರೆ. ಕಾರಣವೂ ಉಂಟು. ನಮ್ಮ ಕಡೆ ಹೊಸ್ತಿಲು ದಾಟುವಾಗ ಬರೀ ‘ಹೋಗ್ತೇನೆ’ ಎನ್ನುವ ಕ್ರಮ ಇಲ್ಲ. ಮಗು ಬಾಯಿ ತಪ್ಪಿ ಹಾಗೆ ಹೇಳಿದರೂ ಅಜ್ಜಿ ತಿದ್ದುತ್ತಾರೆ: ‘ಹೋಗಿ ಬರ್ತೇನೆ ಅಂತ ಹೇಳು ಮಗಾ.’ ತುಳುವಿನಲ್ಲಿ ‘ಪೋದು ಬರ್ಪೆ’, ಮಲಯಾಳದಲ್ಲಿ ‘ಪೋಯಿಟ್ಟು ವರಾಂ’. ಜಾತಿ, ಧರ್ಮ, ಭಾಷೆ ಯಾವುದೇ ಇರಲಿ, ಈ ವಿಷಯದಲ್ಲಿ ಕಾಸರಗೋಡು ಒಂದೇ.

‘ಗೋ ಅಂಡ್ ಕಮ್’ ಅದರ ನೇರ ಅನುವಾದ. ಭಾರತದೊಳಗೆ ಎಲ್ಲರಿಗೂ ಅರ್ಥವಾಗುತ್ತದೆ. ಇಂಗ್ಲೆಂಡಿನವರಿಗೆ ಮಾತ್ರ ಗಲಿಬಿಲಿ: ಇವನು ಎಲ್ಲಿಗೋ ಹೋಗಿ ಈಗಲೇ ವಾಪಸು ಬರುತ್ತಾನೇನೋ ಎಂದು ಕಾಯುತ್ತಾರೆ. ಅವರಿಗೆ ‘ಐ ಆಮ್ ಗೋಯಿಂಗ್’ ಎನ್ನುವುದರಲ್ಲಿ ಅಪಶಕುನ ಏನೂ ಇಲ್ಲ. ‘ಐ ಆಮ್ ಆಫ್’, ‘ಐ ಮಸ್ಟ್ ಬಿ ಗೋಯಿಂಗ್’ ಎಂದೂ ಹೇಳುತ್ತಾರೆ. ಹೇಳಲು ಮನಸ್ಸು ಬಾರದವರಿಗೆ ‘ಸೀ ಯು’ ಉಂಟು. ಅದರಲ್ಲಿ ಮತ್ತೆ ಸಿಗುವ ಮಾತಿದೆ, ಅಜ್ಜಿಗೂ ಸಮಾಧಾನ.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ, ಗೆಳೆಯರ ನಡುವೆ ‘ಗೋ ಅಂಡ್ ಕಮ್’ ಹೇಳಿಕೊಳ್ಳಲಿ. ಪರೀಕ್ಷೆಯಲ್ಲಿ, ಆಫೀಸಿನಲ್ಲಿ ಬೇಡ.

ಫೋನಿನಲ್ಲಿ ‘ನಾಳೆ ನಿಮ್ಮ ಮನೆಗೆ ಬರ್ತೇನೆ’ ಎನ್ನಲು ‘ಗೋ’ ಬೇಕೇ, ‘ಕಮ್’ ಬೇಕೇ?

‘ಕಮ್’. ಕೇಳುವವನು ಇರುವ ಕಡೆಗೆ ಹೋಗುವುದಾದರೆ ಇಂಗ್ಲಿಷಿನಲ್ಲೂ ಬರುವುದೇ. ಅಡುಗೆಮನೆಯಿಂದ ಕರೆದಾಗ ನಾವು ‘ಬಂದೆ’ ಎನ್ನುತ್ತೇವೆ, ಅವರು ‘ಕಮಿಂಗ್’ ಎನ್ನುತ್ತಾರೆ. ಇಲ್ಲಿ ಕನ್ನಡದ ಬುದ್ಧಿಯನ್ನೇ ನಂಬಿ.

‘ಗೋ’ ಆದ ಮೇಲೆ ‘ಟು’ ಎಲ್ಲೆಲ್ಲಿ?

ಕನ್ನಡದ ‘ಗೆ’, ‘ಕ್ಕೆ’ ಇದ್ದಲ್ಲೆಲ್ಲ ‘ಟು’ ಹಾಕಿದರೆ ಹೆಚ್ಚಿನ ಕಡೆ ಸರಿಯಾಗುತ್ತದೆ: ಉಪ್ಪಳಕ್ಕೆ, ಪೇಟೆಗೆ, ಮಧೂರಿಗೆ. ತಪ್ಪುವುದು ಮುಖ್ಯವಾಗಿ ‘ಹೋಮ್’ನಲ್ಲಿ. ‘ಗೋ ಹೋಮ್’ ಎನ್ನಬೇಕು, ನಡುವೆ ‘ಟು’ ಬೇಡ. ಹಳೆಯ ಇಂಗ್ಲಿಷಿನಲ್ಲಿ ಆ ಶಬ್ದ ಒಂದೇ ‘ಮನೆಕಡೆಗೆ’ ಎಂಬ ಅರ್ಥ ಕೊಡುತ್ತಿತ್ತು. ಆ ರೂಢಿ ಇವತ್ತಿಗೂ ಉಳಿದಿದೆ. ‘ದೇರ್’, ‘ಅಬ್ರಾಡ್’, ‘ಅಪ್‌ಸ್ಟೇರ್ಸ್’ ಕೂಡ ಹಾಗೆಯೇ. ನಮ್ಮ ‘ಅಲ್ಲಿಗೆ’ಯನ್ನು ನೋಡಿ ‘ಟು ದೇರ್’ ಎನ್ನುವವರು ಬಹಳ. ಆದರೆ ‘ಮನೆ’ಗೆ ಯಜಮಾನ ಸೇರಿದರೆ ‘ಟು’ ವಾಪಸು ಬರುತ್ತದೆ: ‘ಗೋ ಟು ಮೈ ಅಂಕಲ್ಸ್ ಹೋಮ್’.

‘ಗೋ ಟು ಸ್ಕೂಲ್’ ಅಂದರೆ ಕಲಿಯಲು ಹೋಗುವುದು. ಮಗುವಿನ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಲು ಹೋಗುವ ಅಪ್ಪ ‘ಗೋಸ್ ಟು ದ ಸ್ಕೂಲ್’. ಆಸ್ಪತ್ರೆ ಸೇರುವುದಕ್ಕೆ ಬ್ರಿಟಿಷರು ‘ಗೋ ಟು ಹಾಸ್ಪಿಟಲ್’ ಎಂದರೆ ಅಮೆರಿಕದವರು ‘ದ’ ಸೇರಿಸುತ್ತಾರೆ.

‘ಗೋ ಶಾಪಿಂಗ್’, ‘ಗೋ ಸ್ವಿಮ್ಮಿಂಗ್’, ‘ಗೋ ಫಿಶಿಂಗ್’ ಇವಕ್ಕೆ ‘ಟು’ ಇಲ್ಲ, ‘ಫಾರ್’ ಇಲ್ಲ. ‘ವಾಕ್’ಗೆ ಮಾತ್ರ ‘ಗೋ ಫಾರ್ ಎ ವಾಕ್’ ಎನ್ನುವುದು ರೂಢಿ.

‘ಇಟ್ ಈಸ್ ಗೋಯಿಂಗ್ ಟು ರೈನ್’: ಮಳೆ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಇಲ್ಲ. ಹಿಂದೆ ‘ಐ ಆಮ್ ಗೋಯಿಂಗ್ ಟು ಸೀ ಹಿಮ್’ ಎಂದರೆ ಅವನನ್ನು ನೋಡಲು ನಿಜವಾಗಿಯೂ ನಡೆದು ಹೋಗುತ್ತಿದ್ದೇನೆ ಎಂದೇ ಅರ್ಥ. ನೋಡಲು ಹೊರಟವನಿಗೆ ನೋಡುವ ಉದ್ದೇಶ ಇದ್ದೇ ಇರುತ್ತದೆ. ನಿಧಾನಕ್ಕೆ ನಡಿಗೆಯ ಅರ್ಥ ಕಳಚಿತು, ಉದ್ದೇಶ ಮಾತ್ರ ಉಳಿಯಿತು. ಆಮೇಲೆ ಉದ್ದೇಶವೇ ಇಲ್ಲದ ಮಳೆಗೂ ಹಚ್ಚಿದರು. 15ನೇ ಶತಮಾನದಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಈ ಬಳಕೆ 17ನೇ ಶತಮಾನದಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತು.

ಮಲಯಾಳ ಗೊತ್ತಿರುವ ಮಕ್ಕಳಿಗೆ ಇದು ಹೊಸತೇ ಅಲ್ಲ. ‘ಮಳ ಪೆಯ್ಯಾನ್ ಪೋಗುನ್ನು’ ಎಂದು ಅಲ್ಲಿಯೂ ಮಳೆ ‘ಹೋಗುತ್ತದೆ’. ಕನ್ನಡ ಈ ದಾರಿ ಹಿಡಿಯಲಿಲ್ಲ. ನಮ್ಮಲ್ಲಿ ‘ಹೇಳಲಿಕ್ಕೆ ಹೋದೆ’ ಅಂದರೆ ಹೇಳಲು ನೋಡಿದೆ, ಆಗಲಿಲ್ಲ ಎಂದು. ‘ಹೇಳಲಿಕ್ಕೆ ಹೋಗಬೇಡ’ ಅಂದರೆ ಸುಮ್ನೆ ಆ ಉಸಾಬರಿ ಬೇಡ ಎಂದು. ಇದನ್ನು ‘ಡೋಂಟ್ ಗೋ ಟು ಟೆಲ್’ ಎಂದು ಬರೆದರೆ ಕೆಟ್ಟಿತು.

‘ಗೋಯಿಂಗ್ ಟು’ಗೆ ನಮ್ಮ ಕನ್ನಡ ‘ಹಾಗುಂಟು’, ‘ಇದ್ದೇನೆ’ ಕಡೆ ನೋಡಬೇಕು. ಮಳೆ ಬರುವ ಹಾಗುಂಟು: ‘ಇಟ್ ಈಸ್ ಗೋಯಿಂಗ್ ಟು ರೈನ್’. ಮೋಡ ಕಣ್ಣೆದುರು ಉಂಟು, ಅದಕ್ಕೇ ‘ವಿಲ್’ ಅಲ್ಲ. ನಾಳೆ ಹೋಗುವವನಿದ್ದೇನೆ: ‘ಐ ಆಮ್ ಗೋಯಿಂಗ್ ಟು ಗೋ’, ಅಥವಾ ಬರೀ ‘ಐ ಆಮ್ ಗೋಯಿಂಗ್ ಟುಮಾರೋ’. ‘ಹೋಗ್ಲಿಕ್ಕುಂಟು’ ಎಂದರೆ ಅದು ಬೇರೆ. ಅದರಲ್ಲಿ ಸ್ವಲ್ಪ ಬಲವಂತ ಇದೆ: ‘ಐ ಹ್ಯಾವ್ ಟು ಗೋ’.

‘ಗೊನ್ನ’ ಬರೆಯಬಹುದೇ?

ಮಾತಿನಲ್ಲಿ ಸರಿ, ಉತ್ತರಪತ್ರಿಕೆಯಲ್ಲಿ ಬೇಡ. ಇನ್ನೊಂದು ಗಮನಿಸಿ. ಕ್ರಿಯಾಪದದ ಮೊದಲು ಮಾತ್ರ ಅದು ಬರುತ್ತದೆ. ‘ಐ ಆಮ್ ಗೊನ್ನ ಈಟ್’ ಆಗುತ್ತದೆ, ‘ಐ ಆಮ್ ಗೊನ್ನ ಕುಂಬಳೆ’ ಆಗುವುದಿಲ್ಲ. ನಿಜವಾಗಿ ಹೋಗುವಾಗ ‘ಗೋಯಿಂಗ್ ಟು’ ಮೊಟಕಾಗುವುದಿಲ್ಲ.

ಹಾಲು ಕೆಟ್ಟರೆ ‘ವೆಂಟ್ ಬ್ಯಾಡ್’. ಹಾಲು ಎಲ್ಲಿಗಾದರೂ ಹೋಯಿತೇ?

ನಾವು ಏನನ್ನುತ್ತೇವೆ ನೋಡಿ: ಹಾಲು ಕೆಟ್ಟು *ಹೋಯಿತು*. ಮಿಕ್ಸಿ ಹಾಳಾಗಿ ಹೋಯಿತು. ಬಲ್ಬು ಸುಟ್ಟು ಹೋಯಿತು. ಕಿವಿ ಕೇಳದಾಗಿ ಹೋಯಿತು. ಇಂಗ್ಲಿಷಿನಲ್ಲೂ ‘ಗೋ ಬ್ಯಾಡ್’, ‘ಗೋ ಡೆಫ್’, ‘ಗೋ ಮ್ಯಾಡ್’, ‘ಗೋ ಬ್ಯಾಂಕ್‌ರಪ್ಟ್’. ಯಾವ ಸಂಬಂಧವೂ ಇಲ್ಲದ ಎರಡು ಭಾಷೆಗಳು ಹಾಳಾಗುವುದನ್ನು ಹೋಗುವುದು ಎಂದೇ ಕಂಡಿವೆ. ನನಗೆ ಈ ಶಬ್ದದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಕನಸು ನನಸಾದರೆ ಮಾತ್ರ ಇಂಗ್ಲಿಷಿನಲ್ಲಿ ‘ಕಮ್ ಟ್ರೂ’. ಒಳ್ಳೆಯದು ಬರುತ್ತದೆ, ಕೆಟ್ಟದ್ದು ಹೋಗುತ್ತದೆ.

ಪೂರ್ತಿ ನಿಯಮ ಅಲ್ಲ. ಕೂದಲು ‘ಗೋಸ್ ಗ್ರೇ’, ಅದರಲ್ಲಿ ಕೆಟ್ಟದ್ದೇನು ಬಂತು? ಮುದುಕರಾಗುವುದು ‘ಗ್ರೋ ಓಲ್ಡ್’, ಕಾಯಿಲೆ ಬೀಳುವುದು ‘ಫಾಲ್ ಇಲ್’. ಇಲ್ಲಿ ‘ಗೋ’ ಬರುವುದಿಲ್ಲ.

ಕರೆಂಟು ಹೋದರೆ ‘ಕರೆಂಟ್ ವೆಂಟ್’ ಸಾಕೇ?

ನಮ್ಮ ನಮ್ಮಲ್ಲಿ ಸಾಕು. ಹೊರಗಿನವರಿಗೆ ‘ದ ಪವರ್ ವೆಂಟ್ ಔಟ್’ ಅಥವಾ ‘ವೆಂಟ್ ಆಫ್’. ಈ ‘ಗೋ ಆಫ್’ ಸ್ವಲ್ಪ ಕಿತಾಪತಿಯದ್ದು. ದೀಪ ‘ವೆಂಟ್ ಆಫ್’ ಅಂದರೆ ಆರಿತು. ಅಲಾರಂ ‘ವೆಂಟ್ ಆಫ್’ ಅಂದರೆ ಹೊಡೆಯಿತು. ಗರ್ನಾಲು ‘ವೆಂಟ್ ಆಫ್’ ಅಂದರೆ ಸಿಡಿಯಿತು. ಬ್ರಿಟಿಷರ ಬಾಯಲ್ಲಿ ಮೀನು ‘ವೆಂಟ್ ಆಫ್’ ಅಂದರೆ ಹಳಸಿತು. ಜೊತೆಗಿರುವ ನಾಮಪದ ನೋಡಿಯೇ ಅರ್ಥ ಮಾಡಬೇಕು.

ಉಳಿದವು ಸುಲಭ. ‘ಗೋ ಆನ್’ ಮುಂದುವರಿಸು, ‘ಗೋ ಅಪ್’ ಏರು, ‘ಗೋ ಥ್ರೂ’ ಅನುಭವಿಸು ಅಥವಾ ಪೂರ್ತಿ ಓದಿ ನೋಡು, ‘ಗೋ ವಿದೌಟ್’ ಇಲ್ಲದೆ ಸುಧಾರಿಸು.

‘ಗೋಸ್’ ಎನ್ನಬೇಕೇ, ‘ಗೋಝ್’ ಎನ್ನಬೇಕೇ?

ಕೊನೆಯ ಸದ್ದು ‘ಝ್’ ಕಡೆಗೆ, ‘ಝೂ’ ಎನ್ನುವಾಗಿನದ್ದು. ಕನ್ನಡ ಲಿಪಿಯಲ್ಲಿ ಪೂರಾ ತರಲಾಗುವುದಿಲ್ಲ, ಇಲ್ಲಿ ‘ಗೋಸ್’ ಎಂದು ಬರೆದದ್ದು ಅಭ್ಯಾಸಬಲದಿಂದ. ‘ಗೋ’ ಕೂಡ ನಮ್ಮ ಗೋವಿನ ‘ಗೋ’ದಷ್ಟು ನೇರ ಅಲ್ಲ, ಕೊನೆಗೆ ತುಟಿ ಸ್ವಲ್ಪ ಉರುಟಾಗುತ್ತದೆ.

‘ಗೋ’ ಅಡಗಿರುವ ಬೇರೆ ಶಬ್ದಗಳು ಉಂಟೇ?

‘ಟೂ ಇಯರ್ಸ್ ಅಗೋ’ ಎನ್ನುವ ‘ಅಗೋ’ ಅದರದ್ದೇ ಹಳೆಯ ರೂಪ, ‘ಕಳೆದುಹೋದ’ ಎಂದು ಅರ್ಥ. ನಮ್ಮ ‘ಅಗೋ, ಬಸ್ಸು ಹೋಯ್ತು!’ಗೂ ಅದಕ್ಕೂ ಸಂಬಂಧ ಇಲ್ಲ. ‘ಅಂಡರ್‌ಗೋ’, ‘ಬೈಗಾನ್’ ಎದುರಿಗೇ ಕಾಣುತ್ತವೆ. ‘ಗ್ಯಾಂಗ್’ ಮಾತ್ರ ‘ಗೋ’ದಿಂದ ಬಂದದ್ದಲ್ಲ, ಅರ್ಥ ಹತ್ತಿರದ್ದು ಅಷ್ಟೇ. ನಡೆ, ಹೋಗು ಎಂಬ ಅರ್ಥದ ಹಳೆಯ ಶಬ್ದ ಅದು. ಒಟ್ಟಿಗೆ ಹೋಗುವವರ ಗುಂಪು ಗ್ಯಾಂಗ್ ಆಯಿತು.

‘ಹ್ಯಾವ್ ಎ ಗೋ’ ಅಂದರೇನು?

ಒಂದು ಸಲ ಪ್ರಯತ್ನಿಸಿ ನೋಡು ಎಂದು. ಇಲ್ಲಿ ‘ಗೋ’ ನಾಮಪದ. ಕೇರಂ ಆಡುವಾಗ ‘ಇಟ್ ಈಸ್ ಯುವರ್ ಗೋ’ ಎಂದರೆ ಈಗ ನಿನ್ನ ಸರದಿ. ಇದು ಬ್ರಿಟಿಷ್ ಬಳಕೆ. ಅಮೆರಿಕದವರು ‘ಯುವರ್ ಟರ್ನ್’ ಎನ್ನುವುದೇ ಜಾಸ್ತಿ.